ಕುಂಟಲಪದವಿನ ಹನ್ನೊಂದು ಬೆಡಿ

ಒಂದಾನೊಂದು ಕಾಲದಲ್ಲಿ, ಅಂದರೆ ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಜನವರಿಯಲ್ಲಿ, ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಕುಂಟಲಪದವು ಎಂಬ ಊರಿತ್ತು. ಊರಿಗೊಂದು ಹಂಚಿನ ಠಾಣೆ, ಠಾಣೆಗೊಬ್ಬ ಅಧಿಕಾರಿ. ಒಂದು ದಿನ ಅವನ ಬಳಿ ಒಬ್ಬ ಹೆಂಗಸು ಬಂದು ಒಂದು ವರ ಕೇಳಿದಳು. ಅಧಿಕಾರಿ ಕಾಗದದಿಂದ ತಲೆಯೆತ್ತದೆ ‘ಆಯ್ತು’ ಎಂದ. ಅಜ್ಜಿಯಂದಿರ ಕತೆಗಳಲ್ಲಿ ರಾಜರು ಸಿಕ್ಕಿಬೀಳುವುದು ಹೀಗೆಯೇ. ಆದರೆ ಆ ರಾಜರಿಗೆ ತಾವು ಕೊಟ್ಟ ಮಾತು ಏನೆಂದಾದರೂ ಗೊತ್ತಿರುತ್ತದೆ. ಇವನಿಗೆ ಅದೂ ಗೊತ್ತಿರಲಿಲ್ಲ. ಮಾತು ತಪ್ಪಿದರೆ ಫೆಬ್ರವರಿ ಹದಿನಾಲ್ಕರ ಮಧ್ಯಾಹ್ನ ಒಂದು ಜೀವ ಹೋಗುವುದಿತ್ತು. ಅದಂತೂ ಗೊತ್ತೇ ಇರಲಿಲ್ಲ. ಇಂಥ ಕತೆಗಳಿಗೆ ನಿಯಮ ಒಂದೇ: ಕೊಟ್ಟ ಮಾತು ನಡೆಯುವ ತನಕ ನಿಲ್ಲುವಂತಿಲ್ಲ.

ದೂರು ಬಂದದ್ದು ಫೆಬ್ರವರಿ 5, ಸೋಮವಾರ, ಬೆಳಗ್ಗೆ 10.20ಕ್ಕೆ. ತಂದವರು ಊರ ದೇವಸ್ಥಾನದ ಆಡಳಿತ ಮೊಕ್ತೇಸರ ವೆಂಕಟೇಶ್ವರ ಹೆಬ್ಬಾರರು. ಬರೆದುಕೊಂಡವನು ಸಬ್‌ಇನ್‌ಸ್ಪೆಕ್ಟರ್ ನಾರಾಯಣಮೂರ್ತಿ. ಚಿತ್ರದುರ್ಗದ ಕಡೆಯವನು, ಇಲ್ಲಿಗೆ ಬಂದು ಮೂರು ವಾರ. ಠಾಣೆಯ ರೈಟರಿಗೆ ಜ್ವರ, ಹೆಡ್ ಕಾನ್‌ಸ್ಟೇಬಲ್ ಡೊಂಬಯ್ಯ ಬಂಟ್ವಾಳ ಕೋರ್ಟಿನಲ್ಲಿ. ಊರಿನವರು ನಾರಾಯಣಮೂರ್ತಿಯೊಡನೆ ಕನ್ನಡವನ್ನೇ ಆಡುತ್ತಿದ್ದರು, ಪಾಠ ಒಪ್ಪಿಸಿದ ಹಾಗೆ ನಿಧಾನವಾಗಿ. ಆದರೆ ನಡುವೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಒಂದೊಂದು ತುಳು ಪದ ಸಿಗುತ್ತಿತ್ತು.

“ದೇವಸ್ಥಾನದ ಬೆಡಿ ಕಳವಾಗಿದೆ, ಎಸ್‌ಐಯವರೇ.”

“ಎಷ್ಟು?”

“ಹನ್ನೊಂದು. ಇದ್ದದ್ದೇ ಹನ್ನೊಂದು.”

“ಯಾವಾಗ ಗೊತ್ತಾಯ್ತು?”

“ನಿನ್ನೆ ಸಂಜೆ. ಉತ್ಸವ ಹತ್ತಿರ ಬಂತಲ್ಲ, ತುಕ್ಕು ಒರೆಸಿ ಎಣ್ಣೆ ಹಾಕುವ ಅಂತ ಉಗ್ರಾಣ ತೆಗೆದದ್ದು. ಒಂದೂ ಇಲ್ಲ!”

“ಬೀಗ ಒಡೆದಿದ್ದಾರಾ?”

“ಬೀಗಕ್ಕೆ ಒಂದು ಗೀರೂ ಇಲ್ಲ.”

“ಯಾರ ಮೇಲಾದರೂ ಸಂಶಯ?”

“ಹೆಸರು ಹೇಳಿ ನಾನು ಪಾಪ ಕಟ್ಟಿಕೊಳ್ಳುದಿಲ್ಲ. ಹದಿನಾಲ್ಕನೇ ತಾರೀಕು ಮಧ್ಯಾಹ್ನದ ಪೂಜೆಗೆ ಅದು ಬೇಕು. ಅಷ್ಟೆ.”

ತುಕ್ಕು, ಎಣ್ಣೆ, ಹನ್ನೊಂದು. ನಾರಾಯಣಮೂರ್ತಿ ಲೇಖನಿಯ ತುದಿ ಕಚ್ಚಿ ಒಂದು ನಿಮಿಷ ಯೋಚಿಸಿದ. ಸೆರೆಯಿಂದ ಬಿಡುಗಡೆಯಾದವರು ಹರಕೆಗೆ ಒಪ್ಪಿಸಿದ್ದಿರಬೇಕು. ಈ ಕಡೆ ದೇವರಿಗೆ ಏನು ಬೇಕಾದರೂ ಒಪ್ಪಿಸುತ್ತಾರೆ. ಎಫ್‌ಐಆರ್ ನಂಬರ್ 9/79, ಭಾರತ ದಂಡ ಸಂಹಿತೆ ಕಲಂ 380. ಕಳವಾದ ಸೊತ್ತು ಎಂಬಲ್ಲಿ ದುಂಡಗೆ ಬರೆದ: ‘ಕಬ್ಬಿಣದ ಬೇಡಿ, ಹನ್ನೊಂದು’.

ಕೂಡಲೇ ಸ್ಥಳ ಮಹಜರು ಮಾಡಬೇಕಿತ್ತು. ಆಗಲಿಲ್ಲ. ಉಗ್ರಾಣದ ಕೀಲಿಕೈ ಅರ್ಚಕರ ಸೊಂಟದಲ್ಲಿ, ಅರ್ಚಕರು ಬೆಳಗ್ಗಿನ ಬಸ್ಸಿಗೆ ಬೆಳ್ತಂಗಡಿಗೆ, ತಂಗಿಯ ಮಗಳ ಮದುವೆಗೆ ಹೋಗಿದ್ದರು. ಬರುವುದು ಗುರುವಾರ.

“ಹಾಗಾದರೆ ಪೂಜೆ ಯಾರು ಮಾಡ್ತಾರೆ?”

“ಪೂಜೆಗೆ ಬೇರೆಯವರು ಉಂಟು. ಕೀಲಿಕೈಗೆ ಬೇರೆಯವರಿಲ್ಲ,” ಎಂದರು ಹೆಬ್ಬಾರರು.

ಮಂಗಳವಾರ ಬೆಳಗ್ಗೆ 9.05ಕ್ಕೆ ಬಂಟ್ವಾಳದಿಂದ ಸರ್ಕಲ್ ಸಾಹೇಬರ ಫೋನು.

“ಮೂರ್ತಿ, ನಿಮ್ಮ ಠಾಣೆಯಲ್ಲಿ ಬೇಡಿ ಎಷ್ಟು ಜೊತೆ ಇದೆ?”

“ಎರಡು ಸರ್.”

“ನನ್ನ ಆಫೀಸಿನಲ್ಲಿ ನಾಲ್ಕು. ನಿಮ್ಮೂರ ದೇವಸ್ಥಾನದಲ್ಲಿ ಹನ್ನೊಂದು! ಯಾಕ್ರೀ, ದೇವರೇನು ತಪ್ಪಿಸಿಕೊಂಡು ಓಡ್ತಾ ಇದ್ದನಾ? ಏನು ಬರೆದಿದ್ದೀರಿ ಅಂತ ಒಮ್ಮೆ ಓದಿಕೊಳ್ಳಿ.”

ಓದಿಕೊಂಡ. ಹೆಬ್ಬಾರರ ಕಾಗದವನ್ನೂ ತೆಗೆದು ನೋಡಿದ. ಅದರಲ್ಲಿ ‘ಬೆಡಿ’ ಎಂದಿತ್ತು, ದೀರ್ಘವಿರಲಿಲ್ಲ. ಅಷ್ಟರಲ್ಲಿ ಡೊಂಬಯ್ಯ ಟೋಪಿ ಸರಿಪಡಿಸುತ್ತ ಒಳಗೆ ಬಂದ. ಇಪ್ಪತ್ತೆರಡು ವರ್ಷದ ಸರ್ವಿಸು, ಈ ನೆಲದಲ್ಲೇ ಹುಟ್ಟಿದವನು. ಹೆಡ್ ಕಾನ್‌ಸ್ಟೇಬಲಿನ ಎದುರು ತಾನು ಮಾಡಿದ ತಪ್ಪನ್ನು ಬಿಡಿಸಿ ಹೇಳಲು ಮೂರ್ತಿಗೆ ಮನಸ್ಸಾಗಲಿಲ್ಲ.

“ಡೊಂಬಯ್ಯ, ತುಳುವಿನಲ್ಲಿ ಬೆಡಿ ಅಂದ್ರೆ ಏನ್ರೀ?”

“ಬೆಡಿ ಅಂದರೆ ಕೋವಿ ಸರ್.”

“ಕೋವಿ? ಗುಂಡು ಹಾರಿಸುವ ಕೋವಿ?”

“ಹೌದು ಸರ್. ಮತ್ತೆ ಎಂತ ಕೋವಿ ಇರ್ತದೆ?”

ಮೂರ್ತಿ ಕುರ್ಚಿಯಿಂದ ಎದ್ದ. ದೇವಸ್ಥಾನದಿಂದ ಹನ್ನೊಂದು ಕೋವಿ! 9.40ಕ್ಕೆ ಮಂಗಳೂರಿಗೆ ವೈರ್‌ಲೆಸ್ ಹೋಯಿತು. 11.15ಕ್ಕೆ ಉತ್ತರ ಬಂತು: ಠಾಣಾ ವ್ಯಾಪ್ತಿಯ ಎಲ್ಲ ಲೈಸೆನ್ಸ್ ಕೋವಿಗಳನ್ನು ಪರಿಶೀಲಿಸತಕ್ಕದ್ದು, ಮಾಜಿ ಸೈನಿಕರ ಮನೆಗಳನ್ನು ಶೋಧಿಸತಕ್ಕದ್ದು. ಆ ಮಧ್ಯಾಹ್ನ ಠಾಣೆಯ ಅಂಗಳ ನಲವತ್ತಮೂರು ಜನ ಕೃಷಿಕರಿಂದ ತುಂಬಿತು. ಎಲ್ಲರ ಕೈಯಲ್ಲೂ ಬೆಳೆ ರಕ್ಷಣೆಯ ಕೋವಿ, ಎಲ್ಲರ ಬಾಯಲ್ಲೂ ಮಂಗಗಳ ಮೇಲೆ ದೂರು. ಒಬ್ಬ ಅಜ್ಜನಂತೂ, ನಾನು ಇಲ್ಲಿ ನಿಂತಿರುವಾಗ ಅಲ್ಲಿ ಮಂಗಗಳು ತೆಂಗಿನ ಬೊಂಡ ಮುಗಿಸುತ್ತಾ ಉಂಟು, ಅದಕ್ಕೂ ಒಂದು ಎಫ್‌ಐಆರ್ ಬರೆಯಿರಿ ಎಂದು ಹಟ ಹಿಡಿದ.

ಮಾಜಿ ಸೈನಿಕರ ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು. ನಿತ್ಯಾನಂದ, ಲ್ಯಾನ್ಸ್ ನಾಯಕ್, ಎಪ್ಪತ್ತೊಂದರ ಯುದ್ಧದಲ್ಲಿ ಇದ್ದವನು, ಎಪ್ಪತ್ತನಾಲ್ಕರಲ್ಲಿ ಕಾಯಿಲೆಯ ಕಾರಣ ಬಿಡುಗಡೆ.

“ಏನು ಕಾಯಿಲೆ?”

“ಕೈಕಾಲು ಎಲ್ಲ ಸರಿ ಉಂಟು ಸರ್. ಹೆದರಿಕೆ ಹಿಡಿದಿದೆ ಅಂತಾರೆ. ಕೆಲವರು ಭೂತದ ಉಪದ್ರ ಅಂತಾರೆ. ಮಂಗಳೂರಿನ ಡಾಕ್ಟ್ರು ನಿದ್ದೆ ಗುಳಿಗೆ ಕೊಟ್ಟಿದ್ದಾರೆ,” ಎಂದ ಡೊಂಬಯ್ಯ. “ನಾವು ಮಿಲಿಟ್ರಿ ನಿತ್ಯಣ್ಣ ಅಂತ ಹೇಳುದು. ಒಳ್ಳೆ ಜನ.”

ಫೆಬ್ರವರಿ 7, ಬುಧವಾರ, ಮಧ್ಯಾಹ್ನ 3.30. ಪುತ್ತಿಗೆ ಕಡೆಗೆ ಹೋಗುವ ಕಾಲುದಾರಿಯಲ್ಲಿ ಸಣ್ಣ ಹಂಚಿನ ಮನೆ. ಅಂಗಳದ ಬದಿಯಲ್ಲಿ ಸಾಲಾಗಿ ಕೆಮ್ಮಣ್ಣು ಬಳಿದ ಚಟ್ಟಿಗಳು, ಚಟ್ಟಿಗಳಲ್ಲಿ ಅಬ್ಬಲಿಗೆ ಹೂವಿನ ಗಿಡಗಳು. ನಿತ್ಯಾನಂದ ಬನಿಯನ್-ಲುಂಗಿಯಲ್ಲೇ ಹಿಮ್ಮಡಿ ಜೋಡಿಸಿ ನಿಂತು ತನ್ನ ನಂಬರು, ಹೆಸರು, ದರ್ಜೆ ಹೇಳಿದ. ಮನೆಯ ಹಿಂದೆ ಸೊಂಟದಾಳದ ಒಂದು ಕಂದಕ. ಅಂಚುಗಳನ್ನು ಚೂರಿಯಲ್ಲಿ ಕೊರೆದಂತೆ ನೇರ ಮಾಡಲಾಗಿತ್ತು, ಇಳಿಯಲು ಮೂರು ಮೆಟ್ಟಿಲು.

“ತೆಂಗಿನ ಸಸಿಗಾ?”

“ಅಲ್ಲ ಸರ್. ಟ್ರೆಂಚು.”

“ಇಲ್ಲಿ ಯಾಕೆ ಟ್ರೆಂಚು?”

“ಫೆಬ್ರವರಿ ಬಂತಲ್ಲ ಸರ್,” ಎಂದ ನಿತ್ಯಾನಂದ, ಬಟ್ಟೆ ಒಣಗಿಸಲು ಬಿಸಿಲು ಬಂತಲ್ಲ ಎನ್ನುವಷ್ಟು ಸಹಜವಾಗಿ.

ಮನೆಯೊಳಗೆ ಒಂದು ಟ್ರಂಕು, ಎರಡು ಚಾಪೆ, ಗೋಡೆಯಲ್ಲೊಂದು ಪದಕ. ಕೋವಿ ಇರಲಿಲ್ಲ. ಕೋವಿ ಮುಟ್ಟದೆ ಐದು ವರ್ಷ ಆಯಿತು ಎಂದ ನಿತ್ಯಾನಂದ. ಆಮೇಲೆ ಸ್ವಲ್ಪ ಹತ್ತಿರ ಬಂದು ಧ್ವನಿ ತಗ್ಗಿಸಿದ.

“ಸರ್, ಸೋಮವಾರ ನೀವು ಬೇಡಿ ಹುಡುಕ್ತಾ ಇದ್ದೀರಿ ಅಂತ ಪೇಟೆಯಲ್ಲಿ ಹೇಳಿದರು. ನನಗೆ ಒಂದು ಜೊತೆ ಬೇಕಿತ್ತು. ಹದಿನಾಲ್ಕನೇ ತಾರೀಕಿಗೆ ಮಾತ್ರ. ಹನ್ನೆರಡಕ್ಕೆ ಹಾಕಿ ಒಂದಕ್ಕೆ ತೆಗೆದರೆ ಸಾಕು. ಹಗ್ಗ ನಿಲ್ಲುದಿಲ್ಲ ಸರ್, ಬಿಡಿಸಿಕೊಳ್ತೇನೆ.”

ನಲವತ್ತಮೂರು ಕೋವಿ, ಅಷ್ಟೇ ಮಂಗಗಳ ದೂರು, ಬೆಳ್ತಂಗಡಿಯಲ್ಲಿ ಕೂತ ಕೀಲಿಕೈ, ಈಗ ಇದು. “ಆಯ್ತಪ್ಪ, ತರ್ತೀನಿ, ತರ್ತೀನಿ,” ಎಂದು ಮೂರ್ತಿ ಕೈಮುಗಿದ.

ನಿತ್ಯಾನಂದನ ಹೆಂಡತಿ ಶಂಕರಿ ಬೆಲ್ಲ ನೀರು ತಂದಿಟ್ಟಳು. ಬೆಳಗ್ಗೆ ದೇವಸ್ಥಾನದ ಅಂಗಳ ಗುಡಿಸಿ ಪಾತ್ರೆ ತೊಳೆಯುವವಳು. ಎಡ ಮಣಿಕಟ್ಟು ಸ್ವಲ್ಪ ಸೊಟ್ಟಗಿತ್ತು. ಲೋಟ ಕೊಡುವಾಗ ಅವಳು ಮೂರ್ತಿಯ ಮುಖವನ್ನೇ ನೋಡಿದಳು.

“ಅವತ್ತು ನೀವು ಹೇಳಿದ್ದು ನೆನಪುಂಟಾ ಸರ್?”

ಯಾವತ್ತು, ಏನು, ಒಂದೂ ನೆನಪಿರಲಿಲ್ಲ. “ಇದೆ, ಇದೆ,” ಎಂದು ಲೋಟ ಮರಳಿಸಿ ಬಿರುಸಿನಿಂದ ತಿರುಗಿದ. ತಿರುಗಿದ ಕಾಲು ಒಂದು ಹೂಚಟ್ಟಿಗೆ ತಾಗಿತು. ಚಪ್ಪಲಿಯ ಕಾಲು. ಹೆಬ್ಬೆರಳ ಉಗುರು ಅರ್ಧ ಕಿತ್ತುಬಂತು. ಕಣ್ಣಲ್ಲಿ ನೀರು ತುಂಬಿಕೊಂಡು ಜೀಪು ಹತ್ತಿದ.

ಗುರುವಾರ ಬೆಳಗ್ಗೆ 8.15ಕ್ಕೆ ಅರ್ಚಕರು ಬಂದರು, ಕೀಲಿಕೈ ಬಂತು. ಹೊರಾಂಗಣದ ಉಗ್ರಾಣದಲ್ಲಿ, ಪೊರಕೆ ಮತ್ತು ಕೊಪ್ಪರಿಗೆಗಳ ನಡುವೆ, ಧೂಳಿನಲ್ಲಿ ಹನ್ನೊಂದು ಗುಂಡು ಗುರುತುಗಳಿದ್ದವು. ಒಂದೊಂದೂ ಅನ್ನದ ತಟ್ಟೆಗಿಂತ ಚಿಕ್ಕದು.

“ಕೋವಿಗಳನ್ನು ನಿಲ್ಲಿಸಿ ಇಟ್ಟಿದ್ರಾ?” ಎಂದ ಮೂರ್ತಿ.

“ಯಾವ ಕೋವಿ?” ಎಂದರು ಹೆಬ್ಬಾರರು.

“ಬೆಡಿ ಅಂದ್ರಲ್ಲ ನೀವು!”

“ಹೌದು, ಬೆಡಿ. ಕದೋನಿ ಬೆಡಿ. ಕಬ್ಬಿಣದ ಕುಡಿಕೆ. ಮದ್ದು ಗಿಡಿದು, ಬತ್ತಿಗೆ ಬೆಂಕಿ ಕೊಟ್ಟರೆ ‘ಢಂ’ ಅಂತ ಆಗ್ತದಲ್ಲ? ಮಹಾಪೂಜೆಗೆ ಹನ್ನೊಂದು ಸಲ ಹೊಡೆಯುದು. ನಿಮ್ಮ ಊರಲ್ಲಿ ದೇವರಿಗೆ ಬೆಡಿ ಇಲ್ಲವಾ?”

ಮೂರ್ತಿ ಡೊಂಬಯ್ಯನ ಕಡೆ ತಿರುಗಿದ. ಡೊಂಬಯ್ಯ ಜಂತಿ ನೋಡುತ್ತಿದ್ದ.

“ಬೆಡಿ ಅಂದ್ರೆ ಕೋವಿ ಅಂದ್ರಲ್ಲ ನೀವು?”

“ಕೋವಿಯೂ ಬೆಡಿಯೇ ಸರ್, ಇದೂ ಬೆಡಿಯೇ. ನೀವು ದೇವಸ್ಥಾನದ್ದು ಅಂತ ಹೇಳಿದ್ದರೆ ನಾನು ಇದನ್ನೇ ಹೇಳ್ತಿದ್ದೆ. ನೀವು ಬರೀ ಬೆಡಿ ಅಂತ ಕೇಳಿದಿರಿ.”

ಕೋವಿ ಅಲ್ಲ ಎಂಬ ವೈರ್‌ಲೆಸ್ 10.30ಕ್ಕೆ ಹೋಯಿತು. 10.45ಕ್ಕೆ ಸರ್ಕಲ್ ಸಾಹೇಬರ ಫೋನು ಬಂತು. ಅವರು ಏಳು ನಿಮಿಷ ಮಾತಾಡಿದರು, ಮೂರ್ತಿ ಏಳು ಸಲ ‘ಸರ್’ ಎಂದ. ಕೊನೆಗೆ ಅವರು ಹೇಳಿದ್ದು: “ಶನಿವಾರದೊಳಗೆ ಕಳ್ಳನನ್ನು ಕೋರ್ಟಿಗೆ ಹಾಜರುಪಡಿಸಿ. ಜಿಲ್ಲೆಯೇ ನಗ್ತಾ ಇದೆ.”

ಫೆಬ್ರವರಿ 9, ಶುಕ್ರವಾರ, ಬೆಳಗ್ಗೆ 11. ಬೆಡಿ ಹೊಡೆಯುವ ಉಸ್ಮಾನ್ ಸಾಯ್ಬರನ್ನು ಠಾಣೆಗೆ ಕರೆಸಲಾಯಿತು. ಅರವತ್ತರ ಮನುಷ್ಯ, ಅವರ ಅಪ್ಪನೂ ಅಜ್ಜನೂ ಇದೇ ದೇವಸ್ಥಾನಕ್ಕೆ ಬೆಡಿ ಹೊಡೆದವರು. ಬಲಗೈಯ ಎರಡು ಬೆರಳು ಅರ್ಧ ಮಾತ್ರ ಇದ್ದವು.

“ಕದೋನಿ ಎಲ್ಲಿ?”

“ಅದನ್ನು ನಾನು ಕೇಳಬೇಕು ಸಾರ್, ನೀವು ನನ್ನತ್ರ ಕೇಳುದಾ? ಅದು ಹೋದರೆ ನನಗೆ ಎಂತ ಕೆಲಸ?”

“ಬೆಡಿ ಹೊಡೀಬೇಡಿ ಅಂತ ಯಾರಾದರೂ ಹೇಳಿದ್ರಾ? ಜಗಳ ಏನಾದರೂ?”

ಉಸ್ಮಾನ್ ಸಾಯ್ಬರು ಟೊಪ್ಪಿ ತೆಗೆದು ಮತ್ತೆ ಇಟ್ಟುಕೊಂಡರು. “ಜಗಳ ಅಲ್ಲ ಸಾರ್. ಮಿಲಿಟ್ರಿ ನಿತ್ಯಣ್ಣನ ಹೆಂಡತಿ ಬಂದಿತ್ತು, ಕಳೆದ ತಿಂಗಳು. ಈ ವರ್ಷ ಬೆಡಿ ಬೇಡ ಸಾಯ್ಬರೇ ಅಂತ ಅಳ್ತಾ ಇತ್ತು. ನಾನು ಬಿಟ್ಟರೆ ಬೇರೆಯವ ಬಂದು ಹೊಡೀತಾನೆ ಮಗಾ, ಮೊಕ್ತೇಸರರ ಹತ್ತಿರ ಕೇಳು ಅಂದೆ. ಕೇಳಿದ್ದಕ್ಕೆ ಅವರು, ಗಂಡನ ಕಿವಿಗೆ ಹತ್ತಿ ಇಡು ಅಂದರಂತೆ.”

“ಯಾಕಂತೆ ಬೇಡ?”

“ಹೋದ ವರ್ಷ ಆ ಹೆಂಗಸಿನ ಕೈ ಮುರಿದದ್ದು ಅವಳು ಹೇಳುವ ಹಾಗೆ ಬಚ್ಚಲಲ್ಲಿ ಜಾರಿ ಅಲ್ಲ ಸಾರ್. ನಾನು ಗದ್ದೆಯ ಈಚೆ ಬೆಡಿಗೆ ಬೆಂಕಿ ಕೊಡ್ತಾ ಇದ್ದೆ, ಅವರು ಆಚೆ ದಾರಿಯಲ್ಲಿ ಬರ್ತಾ ಇದ್ದರು. ಮೊದಲನೆಯದು ಹೊಡೆದದ್ದೇ, ನಿತ್ಯಣ್ಣ ಅವಳನ್ನು ಎಳೆದು ಕೆಸರಿಗೆ ಹಾಕಿ ಮೇಲೆ ಕವುಚಿ ಬಿದ್ದ. ಹೊಡೆದದ್ದಲ್ಲ ಸಾರ್. ಮುಚ್ಚಿದ್ದು. ಕೋಳಿ ಮರಿಯನ್ನು ಮುಚ್ಚಿದ ಹಾಗೆ. ಹನ್ನೊಂದು ಮುಗಿದರೂ ಎದ್ದಿಲ್ಲ. ನಾವು ನಾಲ್ಕು ಜನ ಸೇರಿ ಬಿಡಿಸಿದೆವು. ಅವಳ ಕೈ ಅಡಿಯಲ್ಲಿತ್ತು.”

ಮೂರ್ತಿಯ ಹೆಬ್ಬೆರಳು ಪಟ್ಟಿಯೊಳಗೆ ಮಿಡಿಯುತ್ತಿತ್ತು.

“ಈ ಕದೋನಿ ಎಷ್ಟು ದೊಡ್ಡದು ಇರುತ್ತೆ?”

ಉಸ್ಮಾನ್ ಸಾಯ್ಬರು ಮೇಜಿನ ಮೇಲೆ ಒಂದು ಗೇಣು ಅಳೆದು ತೋರಿಸಿದರು. “ಒಂದು ಎತ್ತಿದರೆ ತೋಳು ಜಗ್ಗುತ್ತದೆ.”

“ಕದ್ದವರು ಅದನ್ನು ಏನು ಮಾಡಬಹುದು? ಬೇರೆ ಯಾವ ಉಪಯೋಗ?”

“ಎಂತಕ್ಕೂ ಆಗುದಿಲ್ಲ ಸಾರ್.” ಸಾಯ್ಬರು ನಕ್ಕರು. “ಮಣ್ಣು ತುಂಬಿಸಿ ಹೂವಿನ ಗಿಡ ನೆಡಬಹುದು.”

ಮೂರ್ತಿ ತನ್ನ ಕಾಲನ್ನು ನೋಡಿದ. ಮಣ್ಣಿನ ಚಟ್ಟಿಗೆ ಕಾಲು ತಾಗಿದರೆ ಒಡೆಯಬೇಕಾದ್ದು ಚಟ್ಟಿ. ಅವತ್ತು ಒಡೆದದ್ದು ಉಗುರು. ಚಟ್ಟಿ ಅಲುಗಿರಲೂ ಇಲ್ಲ. ಎರಡು ದಿನದಿಂದ ಕುಂಟುತ್ತ, ಶಪಿಸುತ್ತ, ಸಾಕ್ಷಿಯನ್ನು ತನ್ನ ಕಾಲಿನಲ್ಲೇ ಕಟ್ಟಿಕೊಂಡು ತಿರುಗಿದ್ದ. ಬೇಡಿ ಹುಡುಕಿದ, ಕೋವಿ ಹುಡುಕಿದ. ಬೆಡಿಯ ಎದುರೇ ನಿಂತು ಬೆಲ್ಲ ನೀರು ಕುಡಿದ.

ಹೊರಡುವಾಗ ಉಸ್ಮಾನ್ ಸಾಯ್ಬರು ಬಾಗಿಲಲ್ಲಿ ನಿಂತರು. “ಸಾರ್, ಡಿಸೆಂಬರಿಗೆ ನನ್ನ ಮದ್ದಿನ ಲೈಸೆನ್ಸ್ ಮುಗಿದಿದೆ. ಹೊಸತಕ್ಕೆ ಕೊಟ್ಟ ಕಾಗದ ನಿಮ್ಮ ಮೇಜಿನ ಮೇಲೆ ಉಂಟು. ಒಂದು ರಿಪೋರ್ಟು, ಒಂದು ಸಹಿ.”

“ಸಾಯ್ಬರೇ, ಈ ಮೇಜಿನ ಮೇಲೆ ಎಷ್ಟು ಕಾಗದ ಇದೆ ನೋಡಿದ್ರಾ? ಆಗುತ್ತೆ, ಹೋಗಿ!”

ಫೆಬ್ರವರಿ 10, ಶನಿವಾರ, ಬೆಳಗ್ಗೆ 9.30. ಇಬ್ಬರು ಪಂಚರು, ಡೊಂಬಯ್ಯ, ಮಂಗಳೂರಿನಿಂದ ಬಂದ ಒಬ್ಬ ಮಹಿಳಾ ಪೇದೆ. ನಿತ್ಯಾನಂದ ರೇಶನ್ ಅಂಗಡಿಗೆ ಹೋಗಿದ್ದ. ಮೂರ್ತಿ ಲಾಠಿಯ ತುದಿಯಿಂದ ಮೊದಲ ಚಟ್ಟಿಗೆ ಬಡಿದ. ಕೆಮ್ಮಣ್ಣು ಹಕ್ಕಳೆಯಾಗಿ ಉದುರಿತು; ಒಳಗಿನಿಂದ ಕಬ್ಬಿಣ ಸದ್ದು ಮಾಡಿತು. ಶಂಕರಿ ಬಾವಿಕಟ್ಟೆಯಿಂದ ಎದ್ದು ಬಂದಳು.

“ಎಷ್ಟಿದೆ?”

“ಹನ್ನೊಂದು ಸರ್. ಎಲ್ಲ ಉಂಟು.”

“ಯಾರು ತಂದದ್ದು?”

“ನಾನು.”

“ಗಂಡ?”

“ಅವರಿಗೆ ಗೊತ್ತಿಲ್ಲ. ಹೂವಿನ ಚಟ್ಟಿ ಅಂತ ಹೇಳಿದ್ದೇನೆ. ಮದ್ದಿನ ವಾಸನೆ ಬರಬಾರದು ಅಂತ ಹುಳಿ ಹಾಕಿ ತಿಕ್ಕಿ ತೊಳೆದಿದ್ದೇನೆ. ನೀರು ಅವರೇ ಹಾಕುದು.”

“ಹೇಗೆ ತಂದೆ?”

“ಬೆಳಗ್ಗೆ ಏಳಕ್ಕೆ ಪೂಜೆಯ ಭಟ್ಟರು ಪೊರಕೆಗೆ ಅಂತ ಉಗ್ರಾಣ ತೆಗೀತಾರೆ. ದಿನಕ್ಕೆ ಒಂದು. ಕಸದ ಬುಟ್ಟಿಯಲ್ಲಿ, ಮೇಲೆ ಬಾಳೆಲೆ. ಹನ್ನೊಂದು ದಿನ.”

“ಬೀಗಕ್ಕೆ ಗೀರಿಲ್ಲ ಅಂತ ಹೆಬ್ಬಾರರು ಮೊದಲ ದಿನವೇ ಹೇಳಿದ್ದರು,” ಎಂದ ಮೂರ್ತಿ ಡೊಂಬಯ್ಯನಿಗೆ. “ಬೀಗ ತೆರೆದಿರುವಾಗ ಒಳಗೆ ಯಾರು ಹೋಗ್ತಾರೆ ಅಂತ ನಾನೂ ಕೇಳಲಿಲ್ಲ, ನೀವೂ ಹೇಳಲಿಲ್ಲ.”

“ಗುಡಿಸುವವರನ್ನು ಯಾರು ಲೆಕ್ಕ ಇಡ್ತಾರೆ ಸರ್,” ಎಂದ ಡೊಂಬಯ್ಯ ಮೆಲ್ಲಗೆ.

ಹನ್ನೊಂದು ಅಬ್ಬಲಿಗೆ ಗಿಡಗಳನ್ನು ಡೊಂಬಯ್ಯನೇ ಬೇರು ಕಡಿಯದಂತೆ ತೆಗೆದು ನೆಲದಲ್ಲಿ ನೆಟ್ಟ. ಹಾಗೆ ಮಾಡಲು ಯಾರೂ ಹೇಳಿರಲಿಲ್ಲ. ಮಹಜರಿನಲ್ಲಿ ಅದರ ಉಲ್ಲೇಖವಿಲ್ಲ. 10.25ಕ್ಕೆ ದಸ್ತಗಿರಿ. ಆರೋಪಿ ಶಂಕರಿ, ವಯಸ್ಸು ಮೂವತ್ತೊಂದು. ಜೀಪು ಹತ್ತುವ ಮೊದಲು ಅವಳು ಮತ್ತೆ ಹಾಗೆಯೇ ಮೂರ್ತಿಯ ಮುಖ ನೋಡಿದಳು.

“ನೀವು ಮಾತು ಕೊಟ್ಟಿರಿ ಸರ್. ಮತ್ತೆ ಯಾಕೆ ನಡೆಸಲಿಲ್ಲ?”

“ಯಾವ ಮಾತಮ್ಮ? ಯಾವಾಗ?” ಮೂರ್ತಿಯ ತಾಳ್ಮೆ ತಪ್ಪಿತು. “ಈ ಊರಲ್ಲಿ ಎಲ್ಲರೂ ನನ್ನನ್ನು ಏನೋ ಕೇಳ್ತೀರಿ, ಒಬ್ಬರೂ ಬಿಡಿಸಿ ಹೇಳಲ್ಲ!”

“ಬಿಡಿಸಿಯೇ ಹೇಳಿದ್ದು. ಠಾಣೆಗೆ ಬಂದು. ನಮ್ಮವರಿಗೆ ಬೆಡಿ ಬೇಡ ಸರ್ ಅಂದೆ. ನೀವು, ಬೆಡಿ ಇಲ್ಲ, ಹೋಗಮ್ಮ, ನಾನು ಮಾತು ಕೊಡ್ತೀನಿ ಅಂದಿರಿ.”

ಠಾಣೆಗೆ ಬಂದ ಕೂಡಲೇ ಅವನು ಮಾಡಿದ ಮೊದಲ ಕೆಲಸ ದಿನಚರಿ ತೆಗೆದದ್ದು. ಜನವರಿ 23, ಮಂಗಳವಾರ, ಮಧ್ಯಾಹ್ನ 12.10. ಅವನದೇ ಅಕ್ಷರ. ‘ಒಬ್ಬ ಹೆಂಗಸು ಹಾಜರಾಗಿ ತನ್ನ ಗಂಡನಿಗೆ ಬೇಡಿ ಹಾಕಬಾರದೆಂದು ಕೇಳಿಕೊಂಡಿರುತ್ತಾಳೆ. ಗಂಡನ ಮೇಲೆ ಯಾವ ಕೇಸೂ ಇಲ್ಲ. ಬೇಡಿ ಇಲ್ಲವೆಂದು ತಿಳಿಹೇಳಿ ಕಳಿಸಿದೆ.’

ಒಂದು ದೀರ್ಘ. ಒಂದೇ ಒಂದು ದೀರ್ಘವನ್ನು ಅವನ ಕಿವಿ ತಾನಾಗಿಯೇ ಸೇರಿಸಿಕೊಂಡಿತ್ತು. ಆ ಹೆಂಗಸು ನಿರಾಳವಾಗಿ ಮನೆಗೆ ಹೋಗಿದ್ದಳು.

ಅವಳ ಹೇಳಿಕೆಯನ್ನು ಅವನೇ ಕೂತು ಬರೆದುಕೊಂಡ. ಅದರ ಸಾರ ಇಷ್ಟು. ಯುದ್ಧದಲ್ಲಿ ಒಂದು ಬಂಕರಿನ ಮೇಲೆ ಶೆಲ್ ಬಿತ್ತು. ನಿತ್ಯಾನಂದನ ಪಕ್ಕದಲ್ಲಿದ್ದವನು ಸತ್ತ. ಅವನನ್ನು ಸಕಾಲಕ್ಕೆ ಕೆಳಗೆಳೆಯಲಿಲ್ಲ ಎಂಬುದು ನಿತ್ಯಾನಂದನ ತಲೆಯಲ್ಲಿ ಉಳಿಯಿತು. ಈಗ ‘ಢಂ’ ಎಂದರೆ ಹತ್ತಿರದಲ್ಲಿ ಯಾರಿದ್ದರೂ ಕೆಳಗೆಳೆಯುತ್ತಾನೆ. ಹೆಂಡತಿಯ ಕೈ ಮುರಿದ ಮೇಲೆ ಹದಿನೈದು ದಿನ ಟ್ರೆಂಚಿನಲ್ಲೇ ಕೂತ. ಎದ್ದು ಬಂದವನು ಹೇಳಿದ್ದು ಒಂದೇ ಮಾತು: ಬರುವ ವರ್ಷದ ಬೆಡಿಗೆ ನನ್ನನ್ನು ಯಾರಾದರೂ ಕಟ್ಟಿ ಹಾಕದಿದ್ದರೆ ನಾನು ಮನೆಯಲ್ಲಿ ಇರುವುದಿಲ್ಲ, ಬಾವಿಯಲ್ಲಿ ಇರುತ್ತೇನೆ; ನಿನ್ನ ಇನ್ನೊಂದು ಕೈಯಾದರೂ ಉಳಿಯಲಿ. ಅವಳು ಸಾಯ್ಬರನ್ನು ಕೇಳಿದಳು, ಮೊಕ್ತೇಸರರನ್ನು ಕೇಳಿದಳು, ಪೊಲೀಸರನ್ನು ಕೇಳಿದಳು. ಪೊಲೀಸರು ಮಾತು ಕೊಟ್ಟರು. ಮರುದಿನ ಬೆಳಗ್ಗೆ, ಈ ಸಲ ಬೆಡಿ ಇಲ್ಲವಂತಲ್ಲ ಎಂದು ಅವಳು ಸಂತೋಷದಿಂದ ಹೆಬ್ಬಾರರಿಗೆ ಹೇಳಿದಾಗ ಅವರು ಹೊಟ್ಟೆ ಹಿಡಿದು ನಕ್ಕರು. ಅದರ ಮರುದಿನ ಅವಳು ಮೊದಲನೆಯ ಕದೋನಿ ಎತ್ತಿದಳು.

ಅಂದೇ ಸಂಜೆ ನಾಲ್ಕಕ್ಕೆ ಬಂಟ್ವಾಳ ಮ್ಯಾಜಿಸ್ಟ್ರೇಟರ ಮುಂದೆ ಹಾಜರು. ಹೆಂಗಸೆಂಬ ಕಾರಣಕ್ಕೆ ಜಾಮೀನು ಸಿಕ್ಕಿತು. ಜಾಮೀನು ನಿಂತವರು ಉಸ್ಮಾನ್ ಸಾಯ್ಬರು. “ನನ್ನ ಸಾಮಾನು ಕದ್ದವಳಿಗೆ ನಾನೇ ಜಾಮೀನು, ಎಂತ ಕಾಲ ಬಂತು ಮಾರಾಯ್ರೆ,” ಎಂದು ಗೊಣಗುತ್ತಲೇ ಅರ್ಧ ಬೆರಳಿನ ಕೈಯಲ್ಲಿ ಸಹಿ ಹಾಕಿದರು.

ಸೋಮವಾರ ಹೆಬ್ಬಾರರು ಬಂದರು.

“ಬೆಡಿ ಯಾವಾಗ ಕೊಡ್ತೀರಿ?”

“ಅದು ಮುದ್ದೇಮಾಲು. ಕೋರ್ಟಿಗೆ ಸಲ್ಲಿಸಿ ಆಗಿದೆ. ಅರ್ಜಿ ಹಾಕಿ, ಹದಿನೈದು ದಿನ ಆಗಬಹುದು.”

“ಬೇಡ. ಮೂಡುಬಿದಿರೆ ಕಡೆಯಿಂದ ಬೇರೆ ಹನ್ನೊಂದು ತರಿಸಿದ್ದೇನೆ. ದೇವರ ಕೆಲಸ ಹೆಂಗಸಿನ ಕಣ್ಣೀರಿಗೆ ನಿಲ್ಲುದಿಲ್ಲ, ಎಸ್‌ಐಯವರೇ. ನನ್ನ ಅಜ್ಜನ ಕಾಲದಿಂದ ಒಂದು ವರ್ಷ ತಪ್ಪಿಲ್ಲ. ನನ್ನ ಕೈಯಲ್ಲಿ ತಪ್ಪುದು ಬೇಡ. ಆದರೆ ಮದ್ದು ತರಲಿಕ್ಕೆ ಉಸ್ಮಾನನ ಲೈಸೆನ್ಸ್ ಬೇಕು, ಅದಕ್ಕೆ ನಿಮ್ಮ ರಿಪೋರ್ಟು ಬಾಕಿ ಉಂಟಂತೆ.”

ಮೂರ್ತಿ ಮೇಜಿನ ಮೇಲಿನ ಕಾಗದದ ರಾಶಿಯನ್ನು ನೋಡಿದ. ನಾಲ್ಕು ವಾರದಿಂದ ಶಪಿಸುತ್ತಿದ್ದ ರಾಶಿ.

“ಪರಿಶೀಲನೆಯಲ್ಲಿದೆ,” ಎಂದ.

ಮಂಗಳವಾರ ಹೆಬ್ಬಾರರು ಎರಡು ಸಲ ಬಂದರು. ಪರಿಶೀಲನೆಯಲ್ಲಿತ್ತು. ಬುಧವಾರ, ಫೆಬ್ರವರಿ 14, ಬೆಳಗ್ಗೆ 11.20ಕ್ಕೆ ಸರ್ಕಲ್ ಸಾಹೇಬರ ಫೋನು ಬಂತು. ಡೊಂಬಯ್ಯ ಎತ್ತಿಕೊಂಡ. “ಸಾಹೇಬ್ರು ಸ್ಥಳ ತನಿಖೆಗೆ ಹೋಗಿದ್ದಾರೆ ಸರ್... ಯಾವ ಸ್ಥಳ ಅಂತ ಹೇಳಿಲ್ಲ ಸರ್... ಲೈಸೆನ್ಸಿನ ಫೈಲಾ? ಹುಡುಕ್ತೇನೆ ಸರ್. ತುಂಬಾ ಕಾಗದ ಉಂಟು ಇಲ್ಲಿ.”

ಫೈಲು ಮೂರ್ತಿಯ ಕಂಕುಳಲ್ಲಿತ್ತು. ಅವನು ನಿತ್ಯಾನಂದನ ಮನೆಯ ಹಿಂದೆ ಟ್ರೆಂಚಿನ ಅಂಚಿನಲ್ಲಿ ಕೂತಿದ್ದ. ಎದುರಿಗೆ ನಿತ್ಯಾನಂದ, ಮೂರನೆಯ ಮೆಟ್ಟಿಲಲ್ಲಿ, ತೊಡೆಯ ನಡುವೆ ಕೈ ಅದುಮಿಕೊಂಡು. ಅಂಗಳದಲ್ಲಿ ನೆಲಕ್ಕೆ ನೆಟ್ಟ ಅಬ್ಬಲಿಗೆಗಳಲ್ಲಿ ಎರಡು ಸತ್ತಿದ್ದವು, ಉಳಿದವು ನಿಂತಿದ್ದವು.

“ಬೇಡಿ ತಂದ್ರಾ ಸರ್?”

“ತಂದಿದ್ದೀನಿ.” ಮೂರ್ತಿ ಜೇಬಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ.

ನಿತ್ಯಾನಂದ ಎರಡೂ ಮಣಿಕಟ್ಟು ಮುಂದೆ ಚಾಚಿದ.

“ಇಲ್ಲೇ ಇದೆ, ಎಲ್ಲೂ ಹೋಗಲ್ಲ,” ಎಂದ ಮೂರ್ತಿ. ಆಮೇಲೆ, ಮೊದಲ ಸಲ ಈ ಊರಿನವರ ಹಾಗೆ, “ಕಾದು ನೋಡುವ,” ಎಂದ.

12.05ಕ್ಕೆ ಗದ್ದೆಯಾಚೆಯಿಂದ ಚೆಂಡೆ ಕೇಳಿತು. 12.12ಕ್ಕೆ ಶಂಖ. ಗಂಟೆಗಳು ಒಟ್ಟಿಗೆ ಮೊಳಗಿ, ಏರಿ, ಥಟ್ಟನೆ ನಿಂತವು. ಮೊದಲ ಬೆಡಿ ಹೊಡೆಯಬೇಕಾದ ಜಾಗ ಅದು. ನಿತ್ಯಾನಂದ ಕೈಗಳನ್ನು ಮತ್ತೆ ತೊಡೆಯ ನಡುವೆ ಅದುಮಿ ಹಲ್ಲು ಕಚ್ಚಿದ. ಅವನ ಕತ್ತಿನ ನರಗಳು ಹಗ್ಗದಂತೆ ಎದ್ದವು. ಒಳಗಿನಿಂದ ಶಂಕರಿ ಬಂದಳು. ಕಳೆದ ಒಂದು ವರ್ಷದಿಂದ ಯಾವ ಸದ್ದಿಗೂ ಅವನ ಕೈಗೆ ಸಿಗದಷ್ಟು ದೂರ ಇರಲು ಕಲಿತವಳು, ಇವತ್ತು ಮೆಟ್ಟಿಲಿಳಿದು ಪಕ್ಕದಲ್ಲೇ ಕೂತಳು.

ಏನೂ ಆಗಲಿಲ್ಲ. ಒಂದು ಹೇಂಟೆ ಕೊಕ್ಕರಿಸಿತು.

“ಒಂದು,” ಎಂದ ನಿತ್ಯಾನಂದ.

ಸಾಯ್ಬರು ಒಂದು ಕದೋನಿಯಿಂದ ಮುಂದಿನದಕ್ಕೆ ನಡೆಯಲು ಎಷ್ಟು ಹೊತ್ತು ಬೇಕೆಂಬುದು ಅವನ ಮೈಗೆ ಗೊತ್ತಿತ್ತು. ಅಷ್ಟು ಹೊತ್ತು ಬಿಟ್ಟು “ಎರಡು” ಎಂದ. ಮೂರ್ತಿ ಗಡಿಯಾರ ನೋಡಲಿಲ್ಲ. ಮೂರು. ನಾಲ್ಕು. ಏಳಕ್ಕೆ ನಿತ್ಯಾನಂದನ ಕೈಗಳು ತೊಡೆಯ ನಡುವಿನಿಂದ ಹೊರಗೆ ಬಂದವು. ಒಂಬತ್ತಕ್ಕೆ ಒಂದು ಕೈ ಹೆಂಡತಿಯ ಸೊಟ್ಟ ಮಣಿಕಟ್ಟಿನ ಮೇಲೆ ಬಿತ್ತು. ಎಳೆಯಲಿಲ್ಲ, ಸುಮ್ಮನೆ ಇತ್ತು. ಹತ್ತು. ಹನ್ನೊಂದು.

“ಮುಗಿಯಿತಾ ಸರ್?”

“ಮುಗಿಯಿತು.”

ಮೂರ್ತಿ ಫೈಲು ಬಿಡಿಸಿ ಮೊಣಕಾಲ ಮೇಲಿಟ್ಟು ಬರೆದ: ‘ಲೈಸೆನ್ಸ್ ನವೀಕರಿಸಲು ಆಕ್ಷೇಪಣೆ ಇಲ್ಲ.’ ಸಹಿ. ತಾರೀಕು. ಮಧ್ಯಾಹ್ನ 1.10.

ಠಾಣೆಗೆ ಬಂದು ಬೇಡಿಯನ್ನು ಗೂಟಕ್ಕೆ ತೂಗುಹಾಕಿದ. ಹೆಬ್ಬಾರರು ಎಸ್‌ಪಿಗೆ ದೂರು ಕೊಡಲು ಮಂಗಳೂರು ಬಸ್ಸು ಹತ್ತಿದ್ದಾರೆಂದು ಡೊಂಬಯ್ಯ ಹೇಳಿದ. ಸರ್ಕಲ್ ಸಾಹೇಬರು ಮೂರು ಸಲ ಫೋನು ಮಾಡಿದ್ದರೆಂದೂ ಹೇಳಿದ. ಮೂರ್ತಿ ತಲೆಯಾಡಿಸಿ ದಿನಚರಿ ಎಳೆದುಕೊಂಡ. ಬರೆಯುವ ಮೊದಲು ಪದವನ್ನು ಒಮ್ಮೆ ಬಾಯಲ್ಲೇ ಹೇಳಿ ನೋಡಿದ. ಆಮೇಲೆ, ದೀರ್ಘ ಎಲ್ಲೂ ಸೇರದಂತೆ ನಿಧಾನವಾಗಿ ಬರೆದ:

‘ಜನವರಿ 23ರ ನಮೂದಿಗೆ ಸಂಬಂಧಿಸಿ. ಬೆಡಿ ಇಲ್ಲ.’